ಹಳೆಯ ಕಂಪ್ಯೂಟರಿನ ಸ್ಥಳಶುದ್ಧಿ

ದಕ್ಷಿಣ ಕೊಡಗಿನ ಪೊನ್ನಂಪೇಟೆಯಂತಹ ಊರಿನಲ್ಲಿ ಕಂಪ್ಯೂಟರನ್ನು ಕೊಂಡವರು ಅದನ್ನು ನಾಲ್ಕಾರು ವರ್ಷಗಳಲ್ಲೇ ಬಿಸುಡುವವರಲ್ಲ. ಕಾಫಿತೋಟದ ಆಳುಗಳ ಬಟವಾಡೆಯ ಲೆಕ್ಕ, ಕರಿಮೆಣಸಿನ ಮಾರಾಟದ ಬಾಬತ್ತು, ಅರಣ್ಯ ಮಹಾವಿದ್ಯಾಲಯದಲ್ಲಿ ಓದುವ ಮಕ್ಕಳ ಪ್ರಬಂಧ, ಒಕ್ಕದ (ಮನೆತನದ) ಮದುವೆಯ ಭಾವಚಿತ್ರ ಇವೆಲ್ಲವನ್ನೂ ಹೊತ್ತು ಹತ್ತು ಹನ್ನೆರಡು ವರ್ಷ ದುಡಿದ ಯಂತ್ರವು ಒಂದು ದಿನ, ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಎಚ್ಚರಿಕೆಯನ್ನು ತೆರೆಯ ಮೇಲೆ ತೋರಿಸಿ, ಬರೆದದ್ದನ್ನು ಉಳಿಸಿಕೊಳ್ಳಲಾರದೆ ತಡವರಿಸತೊಡಗಿದಾಗ, ಮನೆಯವರು ಅದರ ಆಯುಷ್ಯವೇ ತೀರಿತೆಂದು ಭಾವಿಸುವುದುಂಟು. ಬಹುಮಟ್ಟಿಗೆ ಈ ಭಾವನೆ ಅವಸರದ್ದು. ಯಂತ್ರಕ್ಕೆ ಬೇಕಾದದ್ದು ಒಂದಿಷ್ಟು ತೆರಪು. ಅದನ್ನು ಒದಗಿಸುವುದು ಸಾಮಾನ್ಯ ಗೃಹಸ್ಥನಿಗೂ ಸಾಧ್ಯವಾದ ಕೆಲಸ. ಆದರೆ ಅದಕ್ಕೊಂದು ಕ್ರಮವುಂಟು. ಆ ಕ್ರಮವನ್ನು ಮೀರಿದರೆ ಕಸದ ಜೊತೆಯಲ್ಲಿ ಕಸವಲ್ಲದ್ದೂ ಹೋಗಿಬಿಡುತ್ತದೆ.

ಮೊದಲು ತೆರಪಿನ ಅಗತ್ಯವನ್ನು ತಿಳಿಯೋಣ. ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್ ಸಾಲದೆ ಬಂದಾಗ ವಿಂಡೋಸ್ ವ್ಯವಸ್ಥೆಯು ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ಸ್ಮರಣೆಯಂತೆ ಬಳಸಿಕೊಳ್ಳುತ್ತದೆ. ಪ್ರತಿಯೊಂದು ತಂತ್ರಾಂಶವೂ ಕೆಲಸದ ನಡುವೆ ತಾತ್ಕಾಲಿಕ ಫೈಲುಗಳನ್ನು ಬರೆದಿಡುತ್ತದೆ. ಹೊಸ ಅಪ್‌ಡೇಟುಗಳು ಬಂದು ಇಳಿಯುವುದಕ್ಕೂ ಅಲ್ಲಿಯೇ ಜಾಗ ಬೇಕು. ಆದಕಾರಣ ವಿಂಡೋಸ್ ನೆಲೆಸಿರುವ ‘ಸಿ’ ಡ್ರೈವಿನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಸದಾ ಬರಿದಾಗಿರುವುದು ಲೇಸು.

ಈ ಜಾಗ ತುಂಬಿಹೋಗುವುದೇಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ನೋಡಬೇಕು. 1956ರಲ್ಲಿ ಐಬಿಎಂ ಸಂಸ್ಥೆಯು ಜಗತ್ತಿನ ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಹೊರತಂದಾಗ, ಎರಡೆರಡು ಅಡಿ ವ್ಯಾಸದ 50 ತಟ್ಟೆಗಳನ್ನು ಜೋಡಿಸಿದ್ದ, ಟನ್ನಿಗೂ ಮಿಗಿಲಾದ ತೂಕದ ಆ ಮಹಾಯಂತ್ರದಲ್ಲಿ ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಭಾವಚಿತ್ರ ಅಷ್ಟು ಜಾಗವನ್ನು ನುಂಗಬಲ್ಲದು. ಸ್ಥಳ ಹೆಚ್ಚಿದಂತೆಲ್ಲ ನಮ್ಮ ಸಂಗ್ರಹವೂ ಹೆಚ್ಚಿತು. ಇನ್ನೊಂದು ಮಾತು: 500 ಜಿಬಿ ಎಂದು ಕೊಂಡ ಡಿಸ್ಕು ಕಂಪ್ಯೂಟರಿನಲ್ಲಿ 465 ಜಿಬಿ ಎಂದು ಕಾಣಿಸಿದರೆ ಮೋಸ ಹೋದೆವೆಂದು ಯಾರೂ ತಿಳಿಯಬೇಕಾದುದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆದುದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುವುದರಿಂದ ಈ ಅಂತರ ತೋರುತ್ತದೆ.

ಶುದ್ಧಿಕಾರ್ಯದ ಮೊದಲ ಹೆಜ್ಜೆ ಸಮೀಕ್ಷೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಸಿಸ್ಟಮ್, ಅಲ್ಲಿಂದ ಸ್ಟೋರೇಜ್ ಎಂಬಲ್ಲಿಗೆ ಹೋದರೆ ಯಾವ ಬಗೆಯ ಫೈಲುಗಳು ಎಷ್ಟು ಜಾಗವನ್ನು ಹಿಡಿದಿವೆಯೆಂಬುದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶವು ಇಡೀ ಡಿಸ್ಕನ್ನು ಬಣ್ಣದ ಚೌಕಗಳಾಗಿ ಚಿತ್ರಿಸಿ, ದೊಡ್ಡ ಫೈಲನ್ನು ದೊಡ್ಡ ಚೌಕವಾಗಿ ತೋರಿಸುತ್ತದೆ. ನೂರಾರು ಸಣ್ಣ ಪತ್ರಗಳನ್ನು ಅಳಿಸಿದರೂ ದೊರೆಯದಷ್ಟು ಜಾಗವು, ಎಂದೋ ನೋಡಿ ಮರೆತ ಒಂದು ಚಲನಚಿತ್ರವನ್ನು ತೆಗೆದರೆ ದೊರೆಯುವುದೆಂಬ ಸತ್ಯ ಈ ಸಮೀಕ್ಷೆಯಿಂದಲೇ ಮನವರಿಕೆಯಾಗುವುದು.

ಎರಡನೆಯದು, ಯಂತ್ರವು ತಾನೇ ಕೂಡಿಹಾಕಿದ ಕಸ. ಸ್ಟಾರ್ಟ್ ಮೆನುವಿನಲ್ಲಿ ಡಿಸ್ಕ್ ಕ್ಲೀನಪ್ ಎಂದು ಹುಡುಕಿ ತೆರೆದು, ಸಿಸ್ಟಮ್ ಫೈಲುಗಳನ್ನೂ ಶುದ್ಧಿಗೊಳಿಸುವ ಗುಂಡಿಯನ್ನೊತ್ತಿದರೆ, ತಾತ್ಕಾಲಿಕ ಫೈಲುಗಳು, ಹಳೆಯ ಅಪ್‌ಡೇಟುಗಳ ಅವಶೇಷಗಳು, ರಿಸೈಕಲ್ ಬಿನ್ನಿನಲ್ಲಿ ಉಳಿದವು, ವಿಂಡೋಸಿನ ಹಿಂದಿನ ಆವೃತ್ತಿಯ ಪ್ರತಿ ಇವು ಪಟ್ಟಿಯಾಗಿ ಬರುತ್ತವೆ. ಬಿನ್ನಿನೊಳಗೆ ಬೇಕಾದದ್ದೇನೂ ಇಲ್ಲವೆಂದು ಒಮ್ಮೆ ನೋಡಿಕೊಂಡರೆ, ಮತ್ತು ಹಿಂದಿನ ಆವೃತ್ತಿಗೆ ಮರಳುವ ಉದ್ದೇಶವಿಲ್ಲದಿದ್ದರೆ, ಇವನ್ನು ನಿರ್ಭಯವಾಗಿ ತೆಗೆಯಬಹುದು. ಆದರೆ ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಇದೇ ಪಟ್ಟಿಯಲ್ಲಿ ಸೇರಿಕೊಂಡಿತ್ತು. ಮಿಂಚಂಚೆಯಲ್ಲಿ ಬಂದ ಪಹಣಿ, ಅಂಕಪಟ್ಟಿ, ರಸೀದಿಗಳನ್ನು ಅನೇಕರು ಅಲ್ಲಿಯೇ ಬಿಟ್ಟಿರುತ್ತಾರಾದ್ದರಿಂದ, ಪ್ರತಿಯೊಂದು ಗುರುತನ್ನೂ ಓದಿಯೇ ಒಪ್ಪಿಗೆ ಕೊಡತಕ್ಕದ್ದು.

ತೆರೆದ ಕೆಲಸವನ್ನು ಡಿಸ್ಕಿನಲ್ಲಿರಿಸಿ ಯಂತ್ರವನ್ನು ಆರಿಸುವ ಹೈಬರ್ನೇಷನ್ನಿಗಾಗಿ ವಿಂಡೋಸ್ ಕಾದಿರಿಸುವ ಫೈಲು ಹಲವು ಜಿಬಿಗಳಷ್ಟು ದೊಡ್ಡದಾಗಿರುವುದರಿಂದ, ಅದನ್ನು ರದ್ದುಗೊಳಿಸಿರೆಂದು ಪಟ್ಟಣದ ತಜ್ಞರು ಹೇಳುವುದುಂಟು. ಮೇಜಿನ ಮೇಲಿನ ಕಂಪ್ಯೂಟರಿಗೆ ಈ ಸಲಹೆ ಸಲ್ಲುತ್ತದೆ. ಆದರೆ ಆಷಾಢದ ಮಳೆಗೆ ಮರವುರುಳಿ ವಿದ್ಯುತ್ತಿನ ತಂತಿ ಕಡಿದು ಕತ್ತಲೆ ಕವಿಯುವ ಈ ಸೀಮೆಯಲ್ಲಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ಅಂಚಿಗೆ ಬಂದಾಗ ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿಗಿಳಿಸಿ ಕಾಪಾಡುವುದು ಅದೇ ಫೈಲು. ಆದ್ದರಿಂದ ಇಲ್ಲಿಯವರು ಅದನ್ನು ಉಳಿಸಿಕೊಳ್ಳುವುದೇ ಉಚಿತವೆಂದು ನನ್ನ ಅಭಿಪ್ರಾಯ.

ಬೇಡವಾದ ತಂತ್ರಾಂಶಗಳನ್ನು ಕಂಟ್ರೋಲ್ ಪ್ಯಾನೆಲ್ಲಿನ ಮೂಲಕ ಅನ್‌ಇನ್‌ಸ್ಟಾಲ್ ಮಾಡಬೇಕೇ ಹೊರತು, ಅವುಗಳ ಫೋಲ್ಡರನ್ನು ಹುಡುಕಿ ಅಳಿಸಬಾರದು. ವಿಂಡೋಸ್ ಎಂಬ ಹೆಸರಿನ ಫೋಲ್ಡರಿನೊಳಗೆ, ಅದು ಎಷ್ಟೇ ದೊಡ್ಡದಾಗಿ ಕಂಡರೂ, ಕೈಯಿಡಲೇಬಾರದು. ಅಲ್ಲಿಯ ಒಂದು ಫೈಲು ಹೋದರೂ ಯಂತ್ರ ಮೇಲೇಳದಿರಬಹುದು.

ಮೂರನೆಯದು ನಮ್ಮದೇ ಸಂಗ್ರಹ. ವಿವೇಕಕ್ಕೆ ನಿಜವಾದ ಪರೀಕ್ಷೆ ಇಲ್ಲಿಯೇ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಮನೆಮಂದಿಯೆಲ್ಲ ಹೋಗಿ ಬಂದರೆ, ಒಂದೇ ಗೋಲಿನ ಚಿತ್ರ ನಾಲ್ಕು ಮೊಬೈಲುಗಳಿಂದ ನಾಲ್ಕು ಬಾರಿ ಕಂಪ್ಯೂಟರಿಗೆ ಬಂದು ಸೇರುತ್ತದೆ. ವಾಟ್ಸಾಪಿನ ಶುಭೋದಯಗಳೂ ಅವುಗಳ ನಡುವೆ ನುಸುಳಿರುತ್ತವೆ. ಇಂತಹ ನಕಲುಗಳನ್ನು ತೆಗೆಯುವುದರಲ್ಲಿ ಸಂಕೋಚ ಬೇಡ. ಆದರೆ ಸುಗ್ಗಿಯ ಹಬ್ಬವಾದ ಹುತ್ತರಿಯಂದು ಅಜ್ಜನು ದುಡಿವಾದ್ಯ ಹಿಡಿದು ಹಾಡಿದ ಹಾಡಿನ ಧ್ವನಿಮುದ್ರಿಕೆಯೊಂದು, ಅರ್ಥವಿಲ್ಲದ ಅಂಕಿಗಳ ಹೆಸರನ್ನು ಹೊತ್ತು ಅದೇ ಫೋಲ್ಡರಿನ ಮೂಲೆಯಲ್ಲಿ ಇದ್ದರೂ ಇರಬಹುದು. ನಡಿಕೇರಿಯಂಡ ಚಿಣ್ಣಪ್ಪನವರು ಹಿರಿಯರ ನಾಲಗೆಯ ಮೇಲಿದ್ದ ಹಾಡುಗಳನ್ನೂ ನಡೆನುಡಿಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸದಿದ್ದರೆ ಕೊಡವರು ಕಳೆದುಕೊಳ್ಳುತ್ತಿದ್ದುದೆಷ್ಟು ಎಂಬುದನ್ನು ನೆನೆದವರು, ತೆರೆದು ಕೇಳದೆ ಒಂದು ಧ್ವನಿಯನ್ನೂ ಅಳಿಸಲಾರರು. ಹೀಗೆಯೇ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದ ಕನ್ನಡದ ಪತ್ರಗಳಿದ್ದರೆ, ಆ ಫಾಂಟುಗಳನ್ನು ಕಸವೆಂದು ತೆಗೆದೊಡನೆ ಬರಹವು ಅರ್ಥಹೀನ ಚಿಹ್ನೆಗಳ ಸಾಲಾಗುವುದು. ಮೊದಲು ಆ ಪತ್ರಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಉಳಿಸತಕ್ಕವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸುವಾಗಲೂ ಒಂದು ನಿಯಮವನ್ನು ಪಾಲಿಸಬೇಕು. ಫೈಲುಗಳನ್ನು ‘ಕಟ್’ ಮಾಡಿ ಸಾಗಿಸದೆ, ‘ಕಾಪಿ’ ಮಾಡಿ, ಅಲ್ಲಿ ಕೆಲವನ್ನು ತೆರೆದು ಪರಿಶೀಲಿಸಿ, ಆಮೇಲೆಯೇ ಮೂಲವನ್ನು ಅಳಿಸಬೇಕು. ನಡುವೆ ಕರೆಂಟು ಹೋದರೂ ಆಗ ಭಯವಿಲ್ಲ. ಪೆನ್‌ಡ್ರೈವು ಹಳೆಯ ಫ್ಯಾಟ್32 ವಿಧಾನದಲ್ಲಿ ಸಿದ್ಧವಾಗಿದ್ದರೆ 4 ಜಿಬಿ ಮೀರಿದ ಫೈಲನ್ನು ಅದು ಸ್ವೀಕರಿಸದು. ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೂ ಚರ್ಮದ ಪಟ್ಟಿಗೂ ಬೂಸ್ಟು ಹಿಡಿಯುವ ನಾಡಿನಲ್ಲಿ ಹೊರಗಿನ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಬೇಕು. ಅನನ್ಯವಾದವಕ್ಕೆ ಬೇರೆ ಮನೆಯಲ್ಲಿ ಇನ್ನೊಂದು ಪ್ರತಿಯೂ ಇರಲಿ. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ದೊರೆಯುವ 15 ಜಿಬಿಯನ್ನು ಅತಿಮುಖ್ಯವಾದ ಕಾಗದಪತ್ರಗಳಿಗೆ ಮೀಸಲಿಡಬಹುದು.

ಇಷ್ಟಾಗಿಯೂ ಏನಾದರೂ ತಪ್ಪಿ ಅಳಿದರೆ ಕೂಡಲೇ ನಿರಾಶರಾಗಬೇಕಾದುದಿಲ್ಲ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಗದ್ದೆಯಲ್ಲಿ ನಿಂತ ಪೈರು ಹೇಗೆ ಮಾಯವಾಗದೋ ಹಾಗೆ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲಿನ ಹೆಸರು ಮಾತ್ರ ಸೂಚಿಯಿಂದ ಹೋಗುತ್ತದೆ; ಒಳಗಿನ ಮಾಹಿತಿಯು ಅದರ ಮೇಲೆ ಬೇರೊಂದು ಬರೆಯಲ್ಪಡುವವರೆಗೆ ಉಳಿದಿರುತ್ತದೆ. ಕಂಪ್ಯೂಟರನ್ನು ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಕೊಟ್ಟರೆ ಮರಳಿ ಪಡೆಯುವ ಸಂಭವವುಂಟು. ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ಈ ಆಸೆ ಬಹಳ ಕಡಮೆ. ಅಳಿಸಿದ ಜಾಗವನ್ನು ಅದು ಬೇಗನೆ ನಿಜವಾಗಿಯೇ ಬರಿದುಮಾಡಿಬಿಡುತ್ತದೆ.

ಜಾಗ ತೆರವಾದ ಬಳಿಕ ತಟ್ಟೆಯ ಡಿಸ್ಕಿಗೆ ಡಿಫ್ರಾಗ್ ಮಾಡುವುದರಿಂದ ಚದುರಿದ ತುಣುಕುಗಳು ಒಂದೆಡೆ ಸೇರಿ ವೇಗ ಹೆಚ್ಚುತ್ತದೆ. ಎಸ್‌ಎಸ್‌ಡಿಗೆ ಅದರ ಅಗತ್ಯವಿಲ್ಲ. ಡಿಸ್ಕು ಕಟಕಟನೆ ಸದ್ದು ಮಾಡುತ್ತಿದ್ದರೆ ಮಾತ್ರ ಶುದ್ಧಿಯ ಗೊಡವೆಗೆ ಹೋಗದೆ, ಮೊದಲು ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರದ ಒಡೆಯರು ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದನ್ನೂ ಆಲೋಚಿಸಬಹುದು.

ಕಂಪ್ಯೂಟರನ್ನು ಗುಜರಿಗೆ ಹಾಕಿದಾಗ ಅದರೊಳಗಿನ ಸೀಸವೂ ಇತರ ಲೋಹಗಳೂ ಎಲ್ಲಿಯೋ ಮಣ್ಣನ್ನೂ ನೀರನ್ನೂ ಸೇರುವ ಭಯವಿದೆ. ಕಾವೇರಿ ಹುಟ್ಟುವ ನಾಡಿನವರಿಗೆ ಈ ಮಾತನ್ನು ಒತ್ತಿ ಹೇಳಬೇಕಾದುದಿಲ್ಲ. ಕಾಫಿಯ ಕೊಯ್ಲಿನ ಗಡಿಬಿಡಿ ಮುಗಿದು, ಮಳೆಗೆ ಇನ್ನೂ ದಿನವಿರುವ ಬಿಡುವಿನಲ್ಲಿ ವರ್ಷಕ್ಕೊಮ್ಮೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಈ ಕೆಲಸವನ್ನು ಮಾಡುವುದಾದರೆ, ಯಾವ ಚಿತ್ರದಲ್ಲಿರುವವರು ಯಾರೆಂದು ಹಿರಿಯರು ಹೇಳುವರು, ಮಕ್ಕಳು ಅದನ್ನು ಫೈಲಿನ ಹೆಸರಾಗಿ ಬರೆದಿಡುವರು. ಯಂತ್ರವೂ ಇನ್ನೂ ಕೆಲವು ವರ್ಷ ಹಗುರವಾಗಿ ನಡೆಯುವುದು.