ಕಚೇರಿಯ ಗೋಡೆಗಳು

ಕಚೇರಿ ಎಂದೊಡನೆ ನಮ್ಮ ಕಣ್ಣೆದುರು ಎರಡು ಚಿತ್ರಗಳು ಮೂಡುತ್ತವೆ. ಒಂದು, ಕಡತಗಳ ರಾಶಿಯ ನಡುವೆ ಗುಮಾಸ್ತರು ಸಾಲಾಗಿ ಕುಳಿತಿರುವ ದೊಡ್ಡ ಹಜಾರ. ಇನ್ನೊಂದು, ಬಾಗಿಲಿಗೆ ಪರದೆ ಇಳಿಬಿಟ್ಟು, ಹೊರಗೆ ಸ್ಟೂಲಿನ ಮೇಲೆ ಜವಾನನನ್ನು ಕೂರಿಸಿದ ಸಾಹೇಬರ ಕೊಠಡಿ. ಯಾರಿಗೆ ಗೋಡೆ ಉಂಟು, ಯಾರಿಗೆ ಇಲ್ಲ ಎಂಬುದನ್ನು ನೋಡಿಯೇ ಅಲ್ಲಿ ದೊಡ್ಡವರು ಯಾರು, ಚಿಕ್ಕವರು ಯಾರು ಎಂದು ಹೇಳಿಬಿಡಬಹುದು. ಹಾಗಾದರೆ ಗೋಡೆಗಳನ್ನೇ ತೆಗೆದುಬಿಟ್ಟರೆ ಏನಾಗುತ್ತದೆ? ಎಲ್ಲರೂ ಸಮಾನರಾಗಿ, ಒಬ್ಬರೊಡನೊಬ್ಬರು ವಿಚಾರ ವಿನಿಮಯ ಮಾಡುತ್ತ, ಕೆಲಸವನ್ನು ಚೆನ್ನಾಗಿ ಮಾಡುವರೇ? ಈ ಪ್ರಶ್ನೆಯನ್ನು ಪಾಶ್ಚಾತ್ಯ ದೇಶಗಳು ನೂರು ವರ್ಷಗಳಿಗೂ ಮಿಗಿಲಾಗಿ ಪರೀಕ್ಷಿಸುತ್ತ ಬಂದಿವೆ.

ಅಮೆರಿಕದ ಬಫಲೋ ನಗರದಲ್ಲಿ ಸಾಬೂನನ್ನು ತಯಾರಿಸಿ ಅಂಚೆಯ ಮೂಲಕ ಮಾರುತ್ತಿದ್ದ ಲಾರ್ಕಿನ್ ಎಂಬ ಸಂಸ್ಥೆಯಿತ್ತು. ಅದಕ್ಕಾಗಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯು ರಚಿಸಿದ ಆಡಳಿತ ಭವನವು 1906ರಲ್ಲಿ ಬಳಕೆಗೆ ಬಂದಿತು. ರೈಲುಗಾಡಿಗಳ ಹೊಗೆ ಒಳಗೆ ಬಾರದಂತೆ ಇಟ್ಟಿಗೆಯ ಗೋಡೆಗಳಿಂದ ಮುಚ್ಚಿದ ಆ ಕಟ್ಟಡದ ನಟ್ಟನಡುವೆ, ನೆಲದಿಂದ ಚಾವಣಿಯವರೆಗೂ ತೆರೆದ ಅಂಗಣವೊಂದಿತ್ತು. ಮೇಲಿನ ಗಾಜಿನಿಂದ ಬೆಳಕು ಅದರೊಳಕ್ಕೆ ಇಳಿಯುತ್ತಿತ್ತು. ನಮ್ಮ ತೊಟ್ಟಿಮನೆಯನ್ನು ಬಲ್ಲವರು ಅದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಸುತ್ತಲಿನ ಅಂತಸ್ತುಗಳಲ್ಲಿ ಗುಮಾಸ್ತರು ಸಾಲುಗಟ್ಟಿ ಕುಳಿತಿದ್ದರೆ, ಅಂಗಣದ ನೆಲದಲ್ಲಿ ಹಿರಿಯ ಅಧಿಕಾರಿಗಳೂ ಮರೆಯಿಲ್ಲದೆ ಕುಳಿತಿದ್ದರು. ನೋಡುವುದಕ್ಕೆ ಇದು ಚೆಲುವಾದ ದೃಶ್ಯವೇ. ಆದರೆ ಗುಮಾಸ್ತರ ಹಲವು ಕುರ್ಚಿಗಳನ್ನು ಮೇಜುಗಳಿಗೇ ಜೋಡಿಸಲಾಗಿತ್ತು. ಅವುಗಳನ್ನು ತಮಗೆ ಬೇಕಾದೆಡೆಗೆ ಎಳೆದುಕೊಳ್ಳುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಬೆಳಕಿಗೆ ತೆರೆದ ಜಾಗ ಮೇಲ್ವಿಚಾರಕನ ಕಣ್ಣಿಗೂ ತೆರೆದೇ ಇರುತ್ತದೆಯಷ್ಟೆ. ಆ ಭವನವನ್ನು 1950ರಲ್ಲಿ ಕೆಡವಲಾಯಿತು.

1950ರ ದಶಕದ ಕೊನೆಯಲ್ಲಿ ಜರ್ಮನಿಯ ಎಬರ್‌ಹಾರ್ಡ್ ಮತ್ತು ವೋಲ್ಫ್‌ಗಾಂಗ್ ಶ್ನೆಲ್ಲೆ ಎಂಬ ಸಹೋದರರು ಇನ್ನೊಂದು ದಾರಿಯನ್ನು ಹಿಡಿದರು. ಕಾಗದಪತ್ರಗಳು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತವೆ, ಯಾರು ಯಾರೊಡನೆ ಹೆಚ್ಚು ಮಾತನಾಡಬೇಕಾಗುತ್ತದೆ ಎಂಬುದನ್ನು ಗಮನಿಸಿ, ಅದಕ್ಕೆ ತಕ್ಕಂತೆ ಅವರು ಮೇಜುಗಳನ್ನು ಹರಡಿದರು. ನೇರ ಸಾಲುಗಳು ಮಾಯವಾದವು. ನಡುನಡುವೆ ಹೂಕುಂಡಗಳೂ ಚಿಕ್ಕ ತಡಿಕೆಗಳೂ ಬಂದವು. ಕಚೇರಿಯು ತೋಟದಂತೆ ಕಂಡಿತು. ಈ ಪದ್ಧತಿ ಬಹುಬೇಗ ಇತರ ದೇಶಗಳಿಗೂ ಹಬ್ಬಿತು. ಆದರೆ ಗದ್ದಲ ಹೆಚ್ಚು, ಕಿಟಕಿ ದೂರ, ಏಕಾಂತವಿಲ್ಲ ಎಂದು ನೌಕರರು ದೂರತೊಡಗಿದರು. 1970ರ ದಶಕದಲ್ಲಿ ಜರ್ಮನಿ, ಸ್ವೀಡನ್ ಮುಂತಾದೆಡೆ ಪ್ರತ್ಯೇಕ ಕೊಠಡಿಗಳು ಮರಳಿ ಬಂದವು.

ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಎಂಬ ವಿನ್ಯಾಸಕಾರನು ಮಧ್ಯಮಾರ್ಗವೊಂದನ್ನು ಹುಡುಕಿದನು. 1968ರಲ್ಲಿ ಅವನು ರೂಪಿಸಿದ ಕಚೇರಿಯಲ್ಲಿ ಬೇಕಾದಂತೆ ಜೋಡಿಸಿ ಬಿಚ್ಚಬಹುದಾದ ತಗ್ಗುಗೋಡೆಗಳಿದ್ದವು. ಪ್ರತಿಯೊಬ್ಬನೂ ತನಗೆ ಒಪ್ಪುವಂತೆ ಅವುಗಳನ್ನು ನಿಲ್ಲಿಸಿಕೊಳ್ಳಲಿ ಎಂಬುದು ಅವನ ಆಶಯ. ಸಂಸ್ಥೆಗಳು ಕಂಡದ್ದು ಬೇರೆ! ಅವೇ ಗೋಡೆಗಳಿಂದ ಇಕ್ಕಟ್ಟಾದ ಚೌಕಗಳನ್ನು ಕಟ್ಟಿ, ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಕೂರಿಸಿದವು. ಇದನ್ನು ಕಂಡು ಮುಪ್ಪಿನಲ್ಲಿ ಪ್ರಾಪ್ಸ್ಟ್ ಬಹಳ ನೊಂದುಕೊಂಡನು. ಬಾಡಿಗೆಯ ಲೆಕ್ಕವು ವಾಸ್ತುಶಿಲ್ಪಿಯ ಕನಸನ್ನು ಸೋಲಿಸುವುದು ಹೊಸದೇನಲ್ಲ.

ಗೋಡೆ ಹೋದರೆ ಮಾತು ಹೆಚ್ಚುವುದೆಂಬ ನಂಬಿಕೆ ಮಾತ್ರ ಉಳಿದುಬಂದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಎರಡು ದೊಡ್ಡ ಸಂಸ್ಥೆಗಳಲ್ಲಿ ಇದನ್ನು ಅಳೆದು, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ನೌಕರರು ಧರಿಸಿದ್ದ ಪುಟ್ಟ ಯಂತ್ರಗಳು, ಗೋಡೆಗಳನ್ನು ತೆಗೆದ ಮೇಲೆ ಮುಖಾಮುಖಿ ಮಾತುಕತೆ ಸುಮಾರು ಶೇಕಡ 70ರಷ್ಟು ಕುಗ್ಗಿತೆಂದು ತೋರಿಸಿದವು. ಪಕ್ಕದಲ್ಲೇ ಇದ್ದವರು ಮಿಂಚಂಚೆಯಲ್ಲಿ ಬರೆದುಕೊಳ್ಳತೊಡಗಿದ್ದರು. ಇದು ವಿಚಿತ್ರವೆನಿಸಿದರೂ ಕಾರಣ ಸರಳವಾಗಿದೆ. ಎಲ್ಲರ ಕಿವಿಯೂ ತನ್ನ ಮೇಲಿದೆಯೆಂದು ತಿಳಿದವನು ಬಾಯಿ ಬಿಗಿಹಿಡಿಯುತ್ತಾನೆ. ಕೇಳುವವರಿಗೂ ನೆಮ್ಮದಿಯಿಲ್ಲ. ಫ್ಯಾನಿನ ಸದ್ದಿಗೆ ಮನಸ್ಸು ಬೇಗ ಒಗ್ಗುತ್ತದೆ. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಬೇಡವೆಂದರೂ ಅದನ್ನು ಹಿಂಬಾಲಿಸುತ್ತದೆ. ಆದುದರಿಂದಲೇ ಇಂದಿನ ತೆರೆದ ಕಚೇರಿಗಳಲ್ಲಿ ತರುಣರು ಹೆಡ್‌ಫೋನ್ ಧರಿಸಿ ಕುಳಿತಿರುವುದನ್ನು ಕಾಣುತ್ತೇವೆ. ಕಿತ್ತ ಗೋಡೆಯನ್ನು ಅವರು ಕಿವಿಗೆ ಕಟ್ಟಿಕೊಂಡಿದ್ದಾರೆ.

ಪ್ರತ್ಯೇಕ ಕೊಠಡಿಗೂ ದೋಷವಿಲ್ಲದಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಎಷ್ಟೋ ಸಂಗತಿಗಳು ತಲುಪುತ್ತಲೇ ಇರಲಿಲ್ಲ. ನಾವು ಎಂಟು ಮಂದಿ ಅಧ್ಯಾಪಕರು ಒಂದೇ ಉದ್ದನೆಯ ಮೇಜಿನ ಸುತ್ತ ಕೂರುತ್ತಿದ್ದೆವು. ಹೊಸದಾಗಿ ಬಂದವರು ಹಿರಿಯರ ಮಾತನ್ನು ಕೇಳುತ್ತ ಪಾಠ ಮಾಡುವ ಬಗೆಯನ್ನು ಕಲಿತದ್ದು ಅಲ್ಲಿಯೇ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನನ್ನು ಕಾಣಲು ಬಂದರು. ಮೇಜಿನ ಬಳಿ ನಿಂತು, ಮಗಳ ಅಂಕಗಳನ್ನು ಕೇಳಿ, ಮಳೆಯ ಮಾತನ್ನಾಡಿ ಹೊರಟರು. ಅವರ ಮುಖವನ್ನು ಕಂಡು ನಾನೂ ಹಿಂದೆಯೇ ಹೋದೆ. ಅಂಗಳದ ಹುಣಸೆಮರದ ಕೆಳಗೆ ನಿಂತ ಬಳಿಕವೇ ಆಕೆ ಬಾಯಿಬಿಟ್ಟದ್ದು: ಮಗಳನ್ನು ಶಾಲೆ ಬಿಡಿಸಿ ಮದುವೆ ಮಾಡಬೇಕೆಂದು ಮನೆಯಲ್ಲಿ ನಿಶ್ಚಯಿಸಿದ್ದರು, ತಾಯಿಗೆ ಅದು ಬೇಡವಾಗಿತ್ತು. ಆ ವಾರವೇ ನಾವು ಗ್ರಂಥಾಲಯದ ಮೂಲೆಯಲ್ಲಿ ಎರಡು ಕುರ್ಚಿಗಳನ್ನು ಹಾಕಿ, ಹಳೆಯ ಬೀರುವೊಂದನ್ನು ಅಡ್ಡವಾಗಿ ನಿಲ್ಲಿಸಿದೆವು.