ನಡುವಿನ ಸೀಟು ಯಾರಿಗೆ?

ಚೆನ್ನೈನ ಪೋರೂರಿನಲ್ಲಿ ಮನೆ ಮಾಡಿದವರಿಗೆ ವಿಮಾನ ದೂರದ ವಸ್ತುವಲ್ಲ. ಊರಿನ ದಕ್ಷಿಣಕ್ಕೆ ಕೊಳಪಾಕ್ಕಮ್ ಕಡೆ ಹೋದರೆ, ಮೀನಂಬಾಕ್ಕಮ್‌ನ ಓಡುದಾರಿಗೆ ಇಳಿಯುವ ವಿಮಾನಗಳು ತಾರಸಿಗಳ ಮೇಲೇ ಹಾಯುತ್ತವೆ. ಇಲ್ಲಿನ ಐಟಿ ಕಚೇರಿಗಳಲ್ಲಿ ದುಡಿಯುವ, ರಾಮಚಂದ್ರ ಆಸ್ಪತ್ರೆಗೆ ಬಂದುಹೋಗುವ ಕನ್ನಡದ ಮಂದಿ ಬೆಂಗಳೂರಿಗೆ ಹೊರಟಾಗ ಒಮ್ಮೆ ಕಾವೇರಿ ಎಕ್ಸ್‌ಪ್ರೆಸ್, ಒಮ್ಮೆ ವಂದೇ ಭಾರತ್, ಅವಸರವಿದ್ದರೆ ವಿಮಾನ ಹಿಡಿಯುತ್ತಾರೆ. ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಅಷ್ಟೇ ಹೊತ್ತಿನ ಆ ಪ್ರಯಾಣದಲ್ಲೂ ಒಂದು ಮಾತು ಕೇಳಿಬರುತ್ತದೆ: “ಸರ್, ಸ್ವಲ್ಪ ಹಿಂದಿನ ಸೀಟಿಗೆ ಹೋಗ್ತೀರಾ? ನಾವು ಫ್ಯಾಮಿಲಿ ಇದ್ದೀವಿ.” ಕಿಟಕಿ ಪಕ್ಕ ಕುಳಿತವರು ಹಿಂದಿನ ಸಾಲಿನ ನಡುವಿನ ಸೀಟಿನತ್ತ ಒಮ್ಮೆ ತಿರುಗಿ ನೋಡುತ್ತಾರೆ. ಎದ್ದರೆ ಒಳಗೇ ಕುದಿ, ಏಳದಿದ್ದರೆ ಸುತ್ತಲಿನವರ ಕಣ್ಣಲ್ಲಿ ಕಲ್ಲುಹೃದಯದವರು. ಮುಕ್ಕಾಲು ಗಂಟೆಯ ಸೀಟಿಗಾಗಿ ಇಷ್ಟು ತಳಮಳ ಏಕೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಬೇರೆ ಬೇರೆ ದಾರಿಯಲ್ಲಿ ಹುಡುಕಿದ್ದಾರೆ.

ಮೊದಲು ದೇಹದ ಲೆಕ್ಕ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮನುಷ್ಯ ತನ್ನ ಸುತ್ತ ಕಣ್ಣಿಗೆ ಕಾಣದ ಗೆರೆಗಳನ್ನು ಎಳೆದುಕೊಂಡಿರುತ್ತಾನೆ ಎಂದರು. ತೀರ ಒಳಗಿನ ಗೆರೆ ಸುಮಾರು 45 ಸೆಂಟಿಮೀಟರಿನದು. ಅದರೊಳಗೆ ಬರಲು ಮಕ್ಕಳಿಗೆ, ಸಂಗಾತಿಗೆ, ತೀರ ಹತ್ತಿರದವರಿಗೆ ಮಾತ್ರ ಅನುಮತಿ. ಈ ಅಳತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂದು ಹಾಲ್ ಅವರೇ ಒತ್ತಿ ಹೇಳಿದ್ದರು. ಆದರೂ ವಿಮಾನದ ಸಾಮಾನ್ಯ ಸೀಟಿನ ಅಗಲ 17ರಿಂದ 18 ಇಂಚು, ಎಂದರೆ 43ರಿಂದ 46 ಸೆಂಟಿಮೀಟರ್. ನಡುವಿನ ಸೀಟಿನವರಿಗೆ ಎರಡೂ ಬದಿಯಲ್ಲಿ ಆ ಒಳಗೆರೆ ದಾಟಿದ ಅಪರಿಚಿತರಿರುತ್ತಾರೆ.

ಇದು ಬರೀ ಮನಸ್ಸಿನ ಕಿರಿಕಿರಿಯಲ್ಲ. ಗ್ಯಾರಿ ಎವನ್ಸ್ ಮತ್ತು ರಿಚರ್ಡ್ ವೆನರ್ ಎಂಬ ಸಂಶೋಧಕರು ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್‌ಗೆ ದಿನವೂ ರೈಲಿನಲ್ಲಿ ಓಡಾಡುವ 139 ಜನರ ಎಂಜಲನ್ನು ಪರೀಕ್ಷಿಸಿ, ಒತ್ತಡ ಹೆಚ್ಚಿದಾಗ ಏರುವ ಕಾರ್ಟಿಸಾಲ್ ಹಾರ್ಮೋನನ್ನು ಅಳೆದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಗಮನಿಸುವಂಥದ್ದು. ಬೋಗಿ ಒಟ್ಟಾರೆ ಎಷ್ಟು ತುಂಬಿದೆ ಎಂಬುದಕ್ಕಿಂತ, ತಾನು ಕುಳಿತ ಸಾಲಿನಲ್ಲಿ ಎಷ್ಟು ಜನ ಒತ್ತಿ ಕುಳಿತಿದ್ದಾರೆ ಎಂಬುದರ ಜೊತೆಗೇ ಒತ್ತಡ ಏರುತ್ತಿತ್ತು. ವಂದೇ ಭಾರತ್‌ನ ಚೇರ್ ಕಾರಿನಲ್ಲಿ ಮೂರರ ಸಾಲಿನ ನಡುವೆ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಸೀಟು ಇಕ್ಕಟ್ಟು ಎಂಬುದಷ್ಟರಿಂದಲೇ ಜಗಳ ಹುಟ್ಟುವುದಿಲ್ಲ. ಪೋರೂರು ಜಂಕ್ಷನ್ನಿನಲ್ಲಿ ನಿಲ್ಲುವ ಷೇರ್ ಆಟೋದಲ್ಲಿ ಇದಕ್ಕಿಂತ ಇಕ್ಕಟ್ಟಾಗಿ ಜನ ತಕರಾರಿಲ್ಲದೆ ಕೂರುತ್ತಾರೆ. ಕೇಳುವ ಬಗೆ, ಸೀಟು ಯಾರದ್ದು ಎಂಬ ಭಾವನೆ, ಪಕ್ಕದವರಿಗೆ ಏನು ಸಿಕ್ಕಿದೆ ಎಂಬ ಹೋಲಿಕೆ, ಈ ಮೂರೂ ಸೇರಿದಾಗ ಬೆಂಕಿ ಹತ್ತುತ್ತದೆ.

ಕೇಳುವ ಬಗೆಯ ಮೇಲೆ ನಡೆದ ಬಹು ಪ್ರಸಿದ್ಧ ಪ್ರಯೋಗ ಸ್ಟಾನ್ಲಿ ಮಿಲ್‌ಗ್ರಾಮ್ ಅವರದ್ದು. ಬಸ್ಸು ರೈಲುಗಳಲ್ಲಿ ಹುಡುಗರು ಹಿರಿಯರಿಗೆ ಸೀಟು ಬಿಡುವುದಿಲ್ಲ ಎಂದು ಅವರ ಅತ್ತೆ ದೂರಿದ್ದರಂತೆ. “ಕೇಳಿದಿರಾ?” ಎಂಬ ಪ್ರಶ್ನೆ ಅಳಿಯನ ತಲೆಯಲ್ಲಿ ಉಳಿಯಿತು. 1970ರ ದಶಕದ ಆರಂಭದಲ್ಲಿ, ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಅಪರಿಚಿತರ ಬಳಿ ಹೋಗಿ ಸೀಟು ಕೇಳಿ ಬನ್ನಿ ಎಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ಹೇಳಿದರು. ಕಾರಣ ಏನೂ ಹೇಳದೆ ಬರಿದೇ ಕೇಳಿದಾಗ ನೂರಕ್ಕೆ 68 ಮಂದಿ ಎದ್ದು ಕೊಟ್ಟರು, ಇಲ್ಲವೇ ಸರಿದು ಜಾಗ ಮಾಡಿಕೊಟ್ಟರು. ನಿಂತುಕೊಂಡು ಪುಸ್ತಕ ಓದಲು ಆಗುತ್ತಿಲ್ಲ ಎಂಬ ಕ್ಷುಲ್ಲಕ ಕಾರಣ ಕೊಟ್ಟಾಗ ಸೀಟು ಬಿಟ್ಟವರು ನೂರಕ್ಕೆ ಸುಮಾರು 42ಕ್ಕೆ ಇಳಿದರು. ಕೇಳುವ ಮೊದಲೇ ಇಬ್ಬರು ಗಟ್ಟಿಯಾಗಿ ಆ ವಿಷಯ ಮಾತಾಡಿಕೊಂಡು, ಕುಳಿತವರಿಗೆ ಸುಳಿವು ಸಿಗುವಂತೆ ಮಾಡಿದಾಗ ನೂರಕ್ಕೆ 37ರಷ್ಟು ಮಾತ್ರ.

ಜಾನ್ ಸಬೀನಿ ಅವರೊಡನೆ ಸೇರಿ ಮಿಲ್‌ಗ್ರಾಮ್ 1978ರಲ್ಲಿ ಇದನ್ನು ಪ್ರಕಟಿಸಿದರು. ಕಾರಣ ಹೇಳದೆ ಒಬ್ಬರು ಸೀಟು ಕೇಳಿದರೆ, ಏನೋ ದೊಡ್ಡ ತೊಂದರೆಯೇ ಇರಬೇಕೆಂದು ಕುಳಿತವರು ಭಾವಿಸುತ್ತಾರೆ. ಇಲ್ಲ ಎನ್ನುವ ಮಾತು ತಕ್ಷಣ ಹೊಳೆಯುವುದೂ ಇಲ್ಲ. ಯೋಚಿಸಲು ಸಮಯ ಸಿಕ್ಕರೆ, ಇಲ್ಲವೇ ಕಾರಣ ಹಗುರವೆಂದು ಗೊತ್ತಾದರೆ, ನಿರಾಕರಿಸುವುದು ಸುಲಭ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಕೇಳಿದವರಿಗೆ ಆದದ್ದು. ಮಿಲ್‌ಗ್ರಾಮ್ ತಾವೇ ಕೇಳಲು ಹೋದಾಗ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಕೊನೆಗೂ ಸೀಟು ಸಿಕ್ಕಾಗ, ತಮ್ಮ ಕೋರಿಕೆ ನ್ಯಾಯವೆಂದು ತೋರಿಸಬೇಕೆಂಬ ಒತ್ತಡಕ್ಕೆ ತಲೆ ಬಗ್ಗಿ, ಮುಖ ಬಿಳಿಚಿಕೊಂಡಿತು ಎಂದು ಅವರು ಹೇಳಿಕೊಂಡಿದ್ದಾರೆ. ಇನ್ನೊಬ್ಬರ ಸೀಟು ಕೇಳಬಾರದು ಎಂಬ ಅಲಿಖಿತ ನಿಯಮ ಅಷ್ಟು ಆಳಕ್ಕೆ ಇಳಿದಿರುತ್ತದೆ.

ಅದೇ 1978ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ಜೆರಾಕ್ಸ್ ಯಂತ್ರದ ಸಾಲಿನಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುತ್ತದೆ. ಐದು ಪುಟ ಮೊದಲು ಮಾಡಿಕೊಳ್ಳಲೇ ಎಂದು ಬರಿದೇ ಕೇಳಿದಾಗ ನೂರಕ್ಕೆ 60 ಮಂದಿ ಒಪ್ಪಿದರು. ‘ಪ್ರತಿ ತೆಗೆಯಬೇಕಿದೆ, ಅದಕ್ಕೆ’ ಎಂಬ ಹುರುಳಿಲ್ಲದ ಕಾರಣ ಸೇರಿಸಿದರೆ 93 ಮಂದಿ. ಆದರೆ ಇಪ್ಪತ್ತು ಪುಟಕ್ಕೆ ಕೇಳಿದಾಗ ಹುರುಳಿಲ್ಲದ ಕಾರಣ ಏನೂ ಕೆಲಸ ಮಾಡಲಿಲ್ಲ, ನಿಜವಾದ ಅವಸರ ಹೇಳಿದವರಿಗೆ ಮಾತ್ರ ಒಂದಿಷ್ಟು ಜನ ದಾರಿ ಬಿಟ್ಟರು. ಚಿಕ್ಕ ಉಪಕಾರಕ್ಕೆ ಯಾವ ಕಾರಣವಾದರೂ ನಡೆಯುತ್ತದೆ, ದೊಡ್ಡದಕ್ಕೆ ನಿಜವಾದ ಕಾರಣವೇ ಬೇಕು. ವಿಮಾನದ ಸೀಟು ದೊಡ್ಡದರ ಪಟ್ಟಿಗೆ ಸೇರಿದ್ದು, ಏಕೆಂದರೆ ಅದಕ್ಕೆ ಬೆಲೆ ಬಂದಿದೆ.

ನಮ್ಮ ದೇಶದಲ್ಲಿ 2013ರಲ್ಲಿ, ಬೇಕಾದ ಸೀಟಿಗೆ ಪ್ರತ್ಯೇಕ ಶುಲ್ಕ ಪಡೆಯಲು ವಿಮಾನ ಕಂಪನಿಗಳಿಗೆ ಅನುಮತಿ ಸಿಕ್ಕಿತು. ಇಂದು ವೆಬ್ ಚೆಕ್-ಇನ್ ಮಾಡುವಾಗ ಕಿಟಕಿಗೊಂದು ದರ, ಮುಂದಿನ ಸಾಲಿಗೊಂದು ದರ. ಶುಲ್ಕ ಕೊಡದವರಿಗೆ ಯಂತ್ರ ಕೊಟ್ಟದ್ದೇ ಸೀಟು. ಬೆಲೆ ಬಂದ ಮೇಲೆ ಸೌಜನ್ಯದ ಲೆಕ್ಕವೇ ಬದಲಾಗುತ್ತದೆ. ಯೂರಿ ನೀಜಿ ಮತ್ತು ಆಲ್ಡೊ ರುಸ್ತಿಕೀನಿ ಇಸ್ರೇಲಿನ ಹೈಫಾದ ಹತ್ತು ಶಿಶುವಿಹಾರಗಳಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಕೆಲವು ಶಿಶುವಿಹಾರಗಳಲ್ಲಿ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡರಷ್ಟಾದರು. ದಂಡ ತೆಗೆದ ಮೇಲೂ ಹಳೆಯ ಸ್ಥಿತಿ ಮರಳಲಿಲ್ಲ. ಮೊದಲು ಶಿಕ್ಷಕಿಗೆ ತೊಂದರೆ ಆಗುತ್ತದಲ್ಲ ಎಂಬ ಸಂಕೋಚವಿತ್ತು, ದಂಡ ಬಂದ ಮೇಲೆ ಅದು ಕೊಂಡುಕೊಂಡ ಸೇವೆಯಾಯಿತು. ಸೀಟಿನ ವಿಷಯದಲ್ಲೂ ಹಾಗೆಯೇ ಆಗಿದೆ. ‘ದುಡ್ಡು ಕೊಟ್ಟಿದ್ದೇನೆ’ ಎನ್ನುವವರ ಮಾತಿನಲ್ಲಿ ತಪ್ಪಿಲ್ಲ. ‘ಮಗು ಜೊತೆಗಿದೆ’ ಎನ್ನುವವರದ್ದೂ ಸುಳ್ಳಲ್ಲ. ಒಂದೇ ಸೀಟನ್ನು ಒಬ್ಬರು ಸರಕಾಗಿ ನೋಡುತ್ತಿದ್ದಾರೆ, ಇನ್ನೊಬ್ಬರು ಹಳೆಯ ರೂಢಿಯಂತೆ ಹಂಚಿಕೊಳ್ಳುವ ಜಾಗವಾಗಿ.

ಸೀಟು ಯಾರದ್ದು ಎಂಬ ಭಾವನೆ ಎಷ್ಟು ಬಲವಾದದ್ದು ಎಂಬುದಕ್ಕೆ ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು 2014ರಲ್ಲಿ ಮಾಡಿದ ಸಮೀಕ್ಷೆ ಇದೆ. ವಿಷಯ, ಸೀಟನ್ನು ಹಿಂದಕ್ಕೆ ಬಾಗಿಸುವ ಹಕ್ಕು. ಆ ಹಕ್ಕು ಮುಂದೆ ಕುಳಿತವರದ್ದು ಎಂದಾಗ, ಬಾಗಿಸದಿರಲು ಅವರು ಸರಾಸರಿ 41 ಡಾಲರ್ ಕೇಳಿದರು. ಹಿಂದಿನವರು ಕೊಡಲು ಒಪ್ಪಿದ್ದು 18. ಮೊಣಕಾಲಿನ ಜಾಗ ಹಿಂದಿನವರ ಹಕ್ಕು ಎಂದು ನಿಯಮ ತಿರುಗಿಸಿದಾಗ, ಅವರೇ 39 ಡಾಲರ್ ಕೇಳಿದರು. ಮುಂದಿನವರು ಕೊಡಲು ಸಿದ್ಧರಿದ್ದದ್ದು 12. ಜಾಗ ಅದೇ, ಇಂಚು ಅದೇ. ತನ್ನದು ಎನಿಸಿದೊಡನೆ ಬೆಲೆ ಏರುತ್ತದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಕಾಫಿ ಲೋಟಗಳನ್ನಿಟ್ಟು ಮಾಡಿದ ಪ್ರಯೋಗಗಳಲ್ಲೂ ಇದೇ ಕಂಡಿತ್ತು. ಕೈಗೆ ಬಂದ ಲೋಟವನ್ನು ಮಾರಲು ಜನ ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ್ದರ ಎರಡರಷ್ಟಿತ್ತು.

ಇನ್ನು ಅಂತಸ್ತಿನ ಮಾತು. ಟೊರಾಂಟೊ ವಿಶ್ವವಿದ್ಯಾಲಯದ ಕ್ಯಾಥರಿನ್ ಡಿಸೆಲ್ಸ್ ಮತ್ತು ಹಾರ್ವರ್ಡ್‌ನ ಮೈಕೆಲ್ ನಾರ್ಟನ್ ದೊಡ್ಡ ವಿಮಾನ ಕಂಪನಿಯೊಂದರ ಹಲವು ವರ್ಷಗಳ ದಾಖಲೆ ಹಿಡಿದು, ಪ್ರಯಾಣಿಕರು ರೊಚ್ಚಿಗೆದ್ದ ಪ್ರಕರಣಗಳನ್ನು ಎಣಿಸಿದರು. 2016ರಲ್ಲಿ ಬಂದ ಅವರ ಲೇಖನದ ಪ್ರಕಾರ, ಫಸ್ಟ್ ಕ್ಲಾಸ್ ಇರುವ ವಿಮಾನದಲ್ಲಿ ಎಕಾನಮಿಯವರು ರೇಗುವ ಸಂಭವ 3.84 ಪಟ್ಟು ಹೆಚ್ಚು. ವಿಮಾನ ಒಂಬತ್ತೂವರೆ ಗಂಟೆ ತಡವಾದರೆ ಹುಟ್ಟುವ ಸಿಟ್ಟಿಗೆ ಅದು ಸಮ. ಮುಂದಿನ ಬಾಗಿಲಿನಿಂದ ಹತ್ತಿಸಿ, ಅಗಲ ಸೀಟುಗಳನ್ನು ದಾಟಿಸಿ ಹಿಂದಕ್ಕೆ ಕಳಿಸಿದರೆ ಆ ಸಂಭವ ಇನ್ನೂ ಎರಡು ಪಟ್ಟು ಏರುತ್ತದೆ. ಮುಂದೆ ಕುಳಿತ ಸಿರಿವಂತರೂ ಆಗ ಹೆಚ್ಚು ರೇಗುತ್ತಾರೆ, ಹನ್ನೆರಡು ಪಟ್ಟಿನಷ್ಟು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಆಂಡ್ರೂ ಗೆಲ್ಮನ್ ಮತ್ತಿತರರು ತಕರಾರು ಎತ್ತಿದರು: ವಿಮಾನದ ಗಾತ್ರ, ದೂರ, ಸೀಟಿನ ಅಳತೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವಾಗ ಇಂಥ ಲೆಕ್ಕದಿಂದ ಕಾರಣ ಹೇಳುವುದು ಕಷ್ಟ. ಆ ಎಚ್ಚರಿಕೆ ಸರಿಯಾದದ್ದು, ಆ ಸಂಖ್ಯೆಗಳನ್ನು ನಾವು ಬಿಗಿಯಾಗಿ ಹಿಡಿಯಬೇಕಿಲ್ಲ. ಹೋಲಿಕೆ ಕುದಿ ಎಬ್ಬಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. 2003ರಲ್ಲಿ ಸೇರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ತೋರಿಸಿದಂತೆ, ಸೌತೆಕಾಯಿ ತಿಂದು ತೃಪ್ತಿಯಾಗಿದ್ದ ಕಪುಚಿನ್ ಕೋತಿ, ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಕ್ಕಿದ್ದನ್ನು ಕಂಡಾಗ ಸೌತೆಕಾಯಿಯನ್ನು ಬೇಡವೆನ್ನತೊಡಗಿತು.

ಅಂತಸ್ತು ಕಾಯುವವರು ಸೀಟಿನ ತನಕವೂ ಕಾಯುವುದಿಲ್ಲ, ಸಾಲಿನಲ್ಲೇ ಶುರುಮಾಡುತ್ತಾರೆ. ಸುಧಾ ಮೂರ್ತಿ 2017ರಲ್ಲಿ ಹೊರತಂದ ಪುಸ್ತಕದಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದ ಪ್ರಸಂಗ ಬರೆದಿದ್ದಾರೆ. ಸಲ್ವಾರ್ ಕಮೀಜ್ ತೊಟ್ಟು ಬಿಸಿನೆಸ್ ಕ್ಲಾಸಿನ ಸಾಲಿನಲ್ಲಿ ನಿಂತಿದ್ದ ಅವರಿಗೆ, ಅಲ್ಲಿದ್ದ ಭಾರತೀಯ ಮಹಿಳೆಯೊಬ್ಬರು ಎಕಾನಮಿಯ ಸಾಲು ತೋರಿಸಿ ಅಲ್ಲಿಗೆ ಹೋಗಿ ಎಂದರು. ಟಿಕೆಟ್ ನೋಡದೆ ಬಟ್ಟೆ ನೋಡಿ ಆಡಿದ ಮಾತದು. ಇದನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ನಮ್ಮಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಹುಟ್ಟಿನಿಂದ ಅಳೆದ ಕಾಲ ಬಹಳ ಹಿಂದಿನದಲ್ಲ.

ದರ್ಜೆಯಿಲ್ಲದೆ ಕೂರಿಸಿ ನೋಡಿದವರೂ ಕನ್ನಡಿಗರೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದಾಗ ಅದರಲ್ಲಿ ಒಂದೇ ದರ್ಜೆ. ಆರಂಭದಲ್ಲಿ ಸೀಟು ಸಂಖ್ಯೆಯೂ ಇರಲಿಲ್ಲ, ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಅವರ ಬದುಕಿನಿಂದ ಪ್ರೇರಣೆ ಪಡೆದ ತಮಿಳಿನ ‘ಸೂರರೈ ಪೋಟ್ರು’ 2020ರಲ್ಲಿ ಬಂದ ಮೇಲೆ ಚೆನ್ನೈನ ಮನೆಮನೆಗೂ ಆ ಕಥೆ ಗೊತ್ತು. ಆದರೆ ಸಂಖ್ಯೆ ಇಲ್ಲದಿದ್ದರೆ ಮೆಟ್ಟಿಲ ಬಳಿ ನೂಕುನುಗ್ಗಲು. ಐವತ್ತಕ್ಕೂ ಹೆಚ್ಚು ವರ್ಷ ಇದೇ ಪದ್ಧತಿ ಇಟ್ಟುಕೊಂಡಿದ್ದ ಅಮೆರಿಕದ ಸೌತ್‌ವೆಸ್ಟ್ ಕಂಪನಿಯೂ ಅದನ್ನು ಬಿಡುವುದಾಗಿ 2024ರಲ್ಲಿ ಘೋಷಿಸಿತು.

ಪೋರೂರಿನ ಸಿಟಿ ಬಸ್ಸು ಹತ್ತಿದರೆ ಇನ್ನೊಂದು ದಾರಿ ಕಾಣುತ್ತದೆ. ಇಲ್ಲಿ ಎಡಬದಿಯ ಸೀಟುಗಳು ಹೆಂಗಸರಿಗೆ, ಬೆಂಗಳೂರಿನಲ್ಲಿ ಮುಂದಿನವು. ಊರಿಗೆ ಹೊಸಬರಾದ ಕನ್ನಡದ ಗಂಡಸರು ಹಿಂದೆ ಹೋಗಿ ಎಡಕ್ಕೆ ಕುಳಿತು, “ಅಣ್ಣಾ, ಲೇಡೀಸ್ ಸೀಟು” ಎಂದು ಕೇಳಿಸಿಕೊಂಡು ಏಳುತ್ತಾರೆ. ಎದ್ದವರಿಗೆ ಸೋತಂತೆ ಅನಿಸುವುದಿಲ್ಲ, ಎಬ್ಬಿಸಿದವರು ಋಣಿಯಾಗಬೇಕಿಲ್ಲ. ಹಕ್ಕು ಯಾರದ್ದೆಂದು ಮೊದಲೇ ಗೊತ್ತಿರುವಲ್ಲಿ ಮಿಲ್‌ಗ್ರಾಮ್ ಅವರ ಮುಖ ಬಿಳಿಚಿಸಿದ ಒತ್ತಡ ಇರುವುದಿಲ್ಲ. ವಿಮಾನದಲ್ಲೂ ಇಂಥ ಎರಡು ಹೆಜ್ಜೆಗಳು ಬಂದಿವೆ. 12 ವರ್ಷದೊಳಗಿನ ಮಗುವಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರೊಬ್ಬರ ಪಕ್ಕ ಸೀಟು ಕೊಡಲೇಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಯಾವ ಸೀಟನ್ನು ಮಹಿಳೆಯರು ಪಡೆದಿದ್ದಾರೆ ಎಂಬುದನ್ನು ಮಹಿಳಾ ಪ್ರಯಾಣಿಕರು ಚೆಕ್-ಇನ್ ವೇಳೆಯಲ್ಲೇ ನೋಡುವ ಸೌಲಭ್ಯವನ್ನು ಇಂಡಿಗೊ ಅದೇ ವರ್ಷ ತಂದಿತು. ಮಗುವನ್ನೂ ತಾಯಿಯನ್ನೂ ಬೇರೆ ಸಾಲಿಗೆ ಹಾಕಿ, ಒಟ್ಟಿಗೆ ಕೂರುವುದಕ್ಕೆ ಬೆಲೆ ಕಟ್ಟುವುದೇ ಈ ಜಗಳಗಳ ಬೇರು ಎಂದು ನಾನು ನಂಬುತ್ತೇನೆ. ಕಂಪನಿ ಮಾಡಿದ ತೊಡಕನ್ನು ಇಬ್ಬರು ಪ್ರಯಾಣಿಕರು ಬಿಡಿಸಬೇಕಾಗಿ ಬರುವುದು ಅನ್ಯಾಯ.

ರೈಲಿನಲ್ಲಿ ಇದೇ ಬೇಡಿಕೆ ಇಷ್ಟು ಕಹಿಯಾಗುವುದಿಲ್ಲ. ಹಿರಿಯರಿಗೂ 45 ದಾಟಿದ ಹೆಂಗಸರಿಗೂ ಸಾಧ್ಯವಾದಷ್ಟು ಲೋಯರ್ ಬರ್ತ್ ಕೊಡುವ ನಿಯಮವಿದೆ. ತಪ್ಪಿದರೆ ಟಿಟಿ ಇರುತ್ತಾರೆ. ರಾತ್ರಿಯಿಡೀ ಜೊತೆಗಿರುವವರು ಬುತ್ತಿ ಬಿಚ್ಚುವ ಹೊತ್ತಿಗೆ ಅರ್ಧ ಪರಿಚಿತರು. ಮುಕ್ಕಾಲು ಗಂಟೆಯ ವಿಮಾನದಲ್ಲಿ ಆ ಪರಿಚಯಕ್ಕೆ ಸಮಯವಿಲ್ಲ.

ಹಾಗಾಗಿ ಕೇಳಲೇಬೇಕಾದವರು ಎದುರಿನವರ ಸೀಟಿಗಿಂತ ಕೀಳಲ್ಲದ ಸೀಟನ್ನು ಕೈಯಲ್ಲಿಟ್ಟುಕೊಂಡು ಕೇಳಬೇಕು. ಕಿಟಕಿಗೆ ಕಿಟಕಿ, ಇಲ್ಲವೇ ಇನ್ನೂ ಮುಂದಿನ ಸಾಲು. ಅವರ ಜಾಗದಲ್ಲಿ ಮೊದಲೇ ಕುಳಿತು, ಬಂದ ಮೇಲೆ ಕೇಳುವುದು ಕೋರಿಕೆಯಲ್ಲ, ಒತ್ತಾಯ. ಇಲ್ಲ ಎಂದವರಿಗೆ ಕಾರಣ ಹೇಳುವ ಹೊಣೆಯಿಲ್ಲ. ಬೆನ್ನುನೋವೋ, ವಿಮಾನದ ಭಯವೋ ಹೊರಗಿನವರಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಬೋರ್ಡಿಂಗ್ ಪಾಸ್ ಪಡೆಯುವ ಕೌಂಟರಿನಲ್ಲೇ, ತಪ್ಪಿದರೆ ಗಗನಸಖಿಯ ಮೂಲಕ ಕೇಳುವುದು. ಅವರ ಗಮನಕ್ಕೆ ತಾರದೆ ಸಾಲು ಬದಲಿಸುವುದು ಸುರಕ್ಷತೆಗೂ ಒಳಿತಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಮಕ್ಕಳು ಕೂರುವಂತಿಲ್ಲ. 78 ಸೀಟಿನ ಎಟಿಆರ್‌ನಂಥ ಚಿಕ್ಕ ವಿಮಾನದಲ್ಲಿ ಯಾವ ಭಾಗದಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ಅದರ ತೂಕದ ಕೇಂದ್ರ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಪೈಲಟ್ ಕೈಗೆ ಕೊಟ್ಟಿರುತ್ತಾರೆ. ನಾಲ್ಕಾರು ಜನ ಮುಂದಿನಿಂದ ಹಿಂದಕ್ಕೆ ಹೋದರೂ ಆ ಲೆಕ್ಕ ಅಲುಗುತ್ತದೆ. ಅದಕ್ಕೇ, ವಿಮಾನ ಮೇಲೇರಿದ ಮೇಲೆ ನೋಡೋಣ ಎಂದು ಗಗನಸಖಿಯರು ಹೇಳುವುದು.