ಉಪ್ಪುನೀರಿನ ಗದ್ದೆಯ ಕಗ್ಗ

ಕುಮಟಾ ತಾಲ್ಲೂಕಿನ ಗಜನಿಗಳಲ್ಲಿ ಬೇಸಾಯ ನಿಂತಿರುವುದು ನೇಗಿಲಿಗಿಂತ ಹೆಚ್ಚಾಗಿ ತೂಬಿನ ಮೇಲೆ. ಶಿರಸಿಯಲ್ಲಿ ಹುಟ್ಟಿದ ಅಘನಾಶಿನಿ ನದಿ ಇಲ್ಲಿ ಕಡಲು ಸೇರುತ್ತದೆ. ದಿನಕ್ಕೆರಡು ಸಲ ಉಬ್ಬರ ಬಂದಾಗ ಉಪ್ಪುನೀರು ಅಳಿವೆಯಿಂದ ಮೇಲೇರುತ್ತದೆ. ಅದಕ್ಕೆ ಒಡ್ಡು ಕಟ್ಟಿ, ನಡುವೆ ಹಲಗೆಯ ತೂಬಿಟ್ಟು ಮಾಡಿಕೊಂಡ ತಗ್ಗು ಗದ್ದೆಗಳೇ ಗಜನಿ. ಅಲ್ಲಿ ಬೆಳೆಯುವ ಭತ್ತ ಕಗ್ಗ.

ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ತೂಬು ತೆರೆದರೆ ಮಳೆನೀರು ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೊರಹೋಗುತ್ತದೆ. ಉಬ್ಬರಕ್ಕೆ ಮೊದಲು ಮುಚ್ಚಲೇಬೇಕು. ಕಗ್ಗ ಅಲ್ಪಸ್ವಲ್ಪ ಉಪ್ಪನ್ನು ತಾಳಿಕೊಳ್ಳುತ್ತದೆ, ಎದೆಯೆತ್ತರ ಬೆಳೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲ. ಗೊಬ್ಬರ, ಔಷಧಿಯ ಖರ್ಚಿಲ್ಲ. ನದಿ ತಂದ ಮೆಕ್ಕಲೇ ಸಾಕು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಕೆಲಸ ತಿರುವುಮುರುವು: ಉಪ್ಪುನೀರನ್ನು ಒಳಗೆ ಬಿಡಬೇಕು. ಕೊಳೆತ ಹುಲ್ಲು ಮೀನು, ಸಿಗಡಿ, ಏಡಿಗಳಿಗೆ ಆಹಾರ. ಒಂದೇ ನೆಲ ಅನ್ನವನ್ನೂ ಕೊಡುತ್ತದೆ, ಸಾರನ್ನೂ ಕೊಡುತ್ತದೆ. ಕೇರಳದ ಪೊಕ್ಕಾಳಿ ಗದ್ದೆಗಳ ಕ್ರಮವೂ ಇದೇ.

ಈ ಬೇಸಾಯವನ್ನು ಒಬ್ಬನೇ ಮಾಡಲಾಗದು. ಹಿಂದೆ ಮಣ್ಣಿನ ಒಡ್ಡನ್ನು ವರ್ಷವರ್ಷ ಊರವರೇ ಕೂಡಿ ಕಟ್ಟುತ್ತಿದ್ದರು. 1970ರ ದಶಕದಲ್ಲಿ, ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಸರ್ಕಾರದ ಖಾರಲ್ಯಾಂಡ್ ಯೋಜನೆಯ ಕಾಯಂ ಒಡ್ಡುಗಳು ಬಂದವು; ದುಡಿಮೆ ಹಗುರವಾಯಿತು, ಕೂಡುವ ಅಗತ್ಯವೂ ಕಡಿಮೆಯಾಯಿತು. ಮುಂದೆ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು. ಸಿಗಡಿಗೆ ಮಳೆಗಾಲದಲ್ಲೂ ಉಪ್ಪುನೀರು ಬೇಕು, ಭತ್ತಕ್ಕೆ ಬೇಡ. ತೂಬಿನ ಹಲಗೆ ಯಾರ ಕೈಯಲ್ಲಿದೆಯೋ ಅವರ ಬೆಳೆಯೇ ಉಳಿಯಿತು. ಸಿಗಡಿಗೆ ರೋಗ ಬಿದ್ದ ಮೇಲೂ ಹಲವು ಗದ್ದೆಗಳಿಗೆ ಕಗ್ಗ ಮರಳಲಿಲ್ಲ. ಏಕೆಂದರೆ ನಾಲ್ಕಾರು ಜನ ಮಾತ್ರ ಬಿತ್ತಿದರೆ ಸುತ್ತಲಿನ ಹಕ್ಕಿಗಳೆಲ್ಲ ಆ ಗದ್ದೆಗಳಿಗೇ ಎರಗುತ್ತವೆ.

ಅದಕ್ಕೇ ಇದೇ ತಾಲ್ಲೂಕಿನ ಮಾಣಿಕಟ್ಟಾದ ರೈತರು ನನಗೆ ದೊಡ್ಡವರಾಗಿ ಕಾಣುತ್ತಾರೆ. ಅವರು ಬೀಜದ ಜೊತೆಗೆ, ಎಲ್ಲರೂ ಸೇರಿ ಬಿತ್ತುವ, ತೂಬನ್ನು ಒಟ್ಟಾಗಿ ಕಾಯುವ ಪದ್ಧತಿಯನ್ನೂ ಉಳಿಸಿಕೊಂಡಿದ್ದಾರೆ. ಬೀಜವನ್ನು ಶೀತಲಗೃಹದಲ್ಲಿಡಬಹುದು, ಈ ಪದ್ಧತಿಯನ್ನು ಇಡಲಾಗದು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಂರಕ್ಷಣೆಯ ಮಾತು ಬಂದಾಗ ಹಕ್ಕಿ, ಕಾಂಡ್ಲಾ ಕಾಡು, ಬಳಚು ಚಿಪ್ಪುಗಳ ಹೆಸರು ಮೊದಲು ಬರುತ್ತದೆ, ಬರಲಿ. ಒಡೆದ ಒಡ್ಡಿನ ದುರಸ್ತಿ, ಕಗ್ಗದ ಕೆಂಪಕ್ಕಿಗೆ ನ್ಯಾಯವಾದ ಬೆಲೆ, ಇವೆರಡೂ ಅದೇ ಸಂರಕ್ಷಣೆಯ ಯೋಜನೆಯೊಳಗೆ ಬರಬೇಕು.